ಹುಲ್ಲು ಮೊದಲು, ಹಸು ಆಮೇಲೆ

ಊರಿನ ಅಂಚಿನಲ್ಲಿ ಒಂದು ಮನೆ, ಮನೆಯ ಹಿಂದೆ ಹತ್ತಿಪ್ಪತ್ತು ಗುಂಟೆ ನೆಲ, ಬತ್ತದ ಒಂದು ಬಾವಿ. ಇಷ್ಟು ಕೈಗೂಡಿದೊಡನೆ ನಮ್ಮವರಲ್ಲಿ ಅನೇಕರಿಗೆ ಹುಟ್ಟುವ ಮೊದಲ ಆಸೆ, ಒಂದೆರಡು ಹಸುಗಳನ್ನು ಕಟ್ಟಬೇಕೆಂಬುದು. ಆಸೆ ಒಳ್ಳೆಯದೇ. ಮನೆಯ ಮಕ್ಕಳಿಗೆ ಕಲಬೆರಕೆಯಿಲ್ಲದ ಹಾಲು, ತೆಂಗಿನ ಬುಡಕ್ಕೆ ಗೊಬ್ಬರ, ಬೆಳಗಾಗೆದ್ದು ಮೈ ಸವರಲು ಒಂದು ಸಾಧು ಜೀವ, ಇವುಗಳಿಗೆ ಬೆಲೆ ಕಟ್ಟುವವರು ಯಾರು? ಆದರೆ ಹಸು ಕೊಂಡ ಎರಡನೆಯ ವರ್ಷಕ್ಕೇ ಕೊಟ್ಟಿಗೆ ಬರಿದಾಗಿ, ಅಲ್ಲಿ ಹಳೆಯ ಸೈಕಲ್ಲೂ ಕಾಲು ಮುರಿದ ಕುರ್ಚಿಯೂ ಸೇರಿಕೊಂಡಿರುವ ಮನೆಗಳನ್ನು ನೀವೂ ಕಂಡಿರಬಹುದು. ಹೀಗೇಕಾಗುತ್ತದೆ? ಆಸೆಯಲ್ಲಿ ಕೊರತೆಯಿತ್ತೆಂದು ಹೇಳಲಾಗದು. ಮೊದಲು ಮಾಡಬೇಕಾದುದನ್ನು ಆಮೇಲೆ ಮಾಡಿದುದರಿಂದ ಹೀಗಾಗುತ್ತದೆ. ದನಗಳನ್ನು ಸಾಕುವುದರಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ನಮ್ಮ ನಾಡಿನ ಚರಿತ್ರೆಯೇ ಸ್ಪಷ್ಟವಾಗಿ ಹೇಳಿಕೊಡುತ್ತದೆ. ಆ ಚರಿತ್ರೆಯ ಕೆಲವು ಪುಟಗಳನ್ನು ನಿಮ್ಮೊಡನೆ ತಿರುವಿ ನೋಡುವುದೇ ಈ ಲೇಖನದ ಉದ್ದೇಶ.

ಹಳಗನ್ನಡದಲ್ಲಿ ದನಕ್ಕೆ ‘ತುರು’ ಎಂದು ಹೆಸರು. ನಮ್ಮ ಊರುಗಳ ಕೆರೆಯ ಏರಿಯ ಮೇಲೋ ದೇವಸ್ಥಾನದ ಅಂಗಳದಲ್ಲೋ ನಿಂತಿರುವ ವೀರಗಲ್ಲುಗಳನ್ನು ನೋಡಿ. ಅವುಗಳಲ್ಲಿ ಅನೇಕವು ‘ತುರುಗೊಳ್’ ಕಾಳಗದಲ್ಲಿ, ಎಂದರೆ ಶತ್ರುಗಳು ಹೊಡೆದುಕೊಂಡು ಹೋಗುತ್ತಿದ್ದ ದನಗಳನ್ನು ಬಿಡಿಸಿ ತರುವಾಗ, ಪ್ರಾಣ ಕೊಟ್ಟವರ ನೆನಪಿನ ಕಲ್ಲುಗಳು. ಒಂದು ಊರಿನ ಐಶ್ವರ್ಯವೆಂದರೆ ಆ ಊರಿನ ತುರುಗಳೇ ಆಗಿದ್ದ ಕಾಲವದು. ಹನ್ನೆರಡನೆಯ ಶತಮಾನದ ಶರಣರ ನಡುವೆ ತುರುಗಾಹಿ ರಾಮಣ್ಣನೆಂಬ ವಚನಕಾರನಿದ್ದನು. ದನ ಕಾಯುವುದೇ ಅವನ ಕಾಯಕ. ಊರಿನ ದನಗಳನ್ನೆಲ್ಲ ಬೆಳಗ್ಗೆ ಒಬ್ಬನು ಹೊಡೆದುಕೊಂಡು ಹೋಗಿ, ದಿನವೆಲ್ಲ ಮೇಯಿಸಿ, ಗೋಧೂಳಿಯ ಹೊತ್ತಿಗೆ ಮನೆಮನೆಗೂ ಮುಟ್ಟಿಸುವ ಏರ್ಪಾಡು ಆಗಿನಿಂದ ಮೊನ್ನೆಮೊನ್ನೆಯವರೆಗೂ ನಡೆದುಬಂದಿತ್ತು. ಇದರಲ್ಲಿ ನಾವು ಗಮನಿಸಬೇಕಾದುದೊಂದಿದೆ. ಎರಡೇ ಹಸುವುಳ್ಳ ಬಡವನಿಗೂ ಊರಿನ ಗೋಮಾಳವಿತ್ತು. ಹಸು ಅವನದು, ಹುಲ್ಲು ಊರಿನದು. ಇಂದು ನಾವು ಹಸುವನ್ನು ಕೊಳ್ಳಬಲ್ಲೆವು, ಗೋಮಾಳವನ್ನು ಕೊಳ್ಳಲಾರೆವು. ತೊಡಕೆಲ್ಲ ಇಲ್ಲಿಂದಲೇ ಮೊದಲಾಗುತ್ತದೆ.

ಈಗ ಮೈಸೂರು ಅರಸರ ಕಾಲಕ್ಕೆ ಬನ್ನಿ. ೧೬೭೩ರಿಂದ ೧೭೦೪ರ ವರೆಗೆ ಆಳಿದ ಚಿಕ್ಕದೇವರಾಜ ಒಡೆಯರು ಅರಮನೆಯ ದನಗಳಿಗಾಗಿ ಒಂದು ಇಲಾಖೆಯನ್ನೇ ಏರ್ಪಡಿಸಿದರು. ಅದರ ಹೆಸರು ‘ಬೆಣ್ಣೆ ಚಾವಡಿ’. ಅರಮನೆಗೆ ಹಾಲು ಬೆಣ್ಣೆಗಳನ್ನು ಒದಗಿಸುವುದೂ ತಳಿಯನ್ನು ಕಾಪಾಡುವುದೂ ಅದರ ಕೆಲಸ. ಮುಂದೆ ಹೈದರಾಲಿಯ ಕಾಲದಲ್ಲಿ ಇದು ಬಹಳವಾಗಿ ಬೆಳೆಯಿತು. ಟಿಪ್ಪು ಸುಲ್ತಾನನು ಇದಕ್ಕೆ ‘ಅಮೃತ ಮಹಲ್’ ಎಂದು ಹೆಸರಿಟ್ಟನು. ಹೆಸರು ಬೆಣ್ಣೆಯದು, ಅಮೃತದ್ದು. ಆದರೆ ಈ ದನಗಳು ಕೀರ್ತಿ ಪಡೆದದ್ದು ಹಾಲಿನಿಂದಲ್ಲ, ಕಾಲಿನಿಂದ! ಫಿರಂಗಿಗಳನ್ನೂ ಸೈನ್ಯದ ಸಾಮಾನುಗಳನ್ನೂ ಎಳೆಯುವುದರಲ್ಲಿ ಅವಕ್ಕೆ ಸಮನಾದ ಎತ್ತುಗಳಿರಲಿಲ್ಲ. ಹೈದರನು ಚಿದಂಬರದ ರಕ್ಷಣೆಗೆ ಧಾವಿಸಿದಾಗ ಎರಡೂವರೆ ದಿನಗಳಲ್ಲಿ ನೂರು ಮೈಲಿ ನಡೆದನೆಂದು ಮೈಸೂರು ಗೆಜೆಟಿಯರಿನಲ್ಲಿ ಹೇಳಿದೆ. ಆ ವೇಗದ ಗುಟ್ಟು ಈ ಎತ್ತುಗಳ ಗೊರಸಿನಲ್ಲಿತ್ತು.

ಅಂಥ ಎತ್ತುಗಳು ಹೇಗೆ ಬಂದುವು? ಉತ್ತರ ಒಂದೇ ಪದದಲ್ಲಿದೆ: ಕಾವಲು. ಅಮೃತ ಮಹಲಿನ ದನಗಳಿಗೆಂದು ಮೈಸೂರು ಸೀಮೆಯ ಉದ್ದಗಲಕ್ಕೂ ಹುಲ್ಲುಗಾವಲುಗಳನ್ನು ಮೀಸಲಿಟ್ಟಿದ್ದರು. ಅವುಗಳಲ್ಲಿಯೂ ಮಳೆಗಾಲದ ಕಾವಲು, ಚಳಿಗಾಲದ ಕಾವಲು, ಬೇಸಿಗೆಯ ಕಾವಲು ಎಂದು ವಿಂಗಡಣೆಯಿತ್ತು. ನೀರು, ನೆರಳು, ಹಸುರು ಇರುವ ಬೇಸಿಗೆಯ ಕಾವಲುಗಳಿಗೆ ಎಲ್ಲಕ್ಕಿಂತ ಹೆಚ್ಚಿನ ಬೆಲೆ. ಋತು ತಿರುಗಿದಂತೆ ಹಿಂಡು ಒಂದು ಕಾವಲಿನಿಂದ ಇನ್ನೊಂದಕ್ಕೆ ಹೋಗುತ್ತಿತ್ತು. ಮಳೆಗಾಲದಲ್ಲಿ ಹುಲ್ಲು ಎಲ್ಲರಿಗೂ ಇದೆ. ಚೈತ್ರ ವೈಶಾಖಗಳಲ್ಲಿ ಯಾರಿಗೆ ಇದೆಯೋ ಅವನೇ ದನವುಳ್ಳವನು ಎಂಬುದನ್ನು ಅಂದಿನವರು ಬಲ್ಲವರಾಗಿದ್ದರು.

ಇದೇ ಲೆಕ್ಕವನ್ನು ನಿಮ್ಮ ಹಿತ್ತಿಲಿಗೆ ತಂದು ನೋಡೋಣ. ಹಸುವಿಗೆ ತನ್ನ ಮೈತೂಕದ ನೂರು ಕಿಲೋಗ್ರಾಮಿಗೆ ಸುಮಾರು ಎರಡೂವರೆ ಕಿಲೋಗ್ರಾಮಿನಂತೆ ದಿನಕ್ಕೆ ಒಣ ಅಂಶದ ಆಹಾರ ಬೇಕು. ೩೦೦ ಕಿಲೋಗ್ರಾಮಿನ ಹಸುವಿಗೆ ಇದು ಏಳೂವರೆ ಕಿಲೋಗ್ರಾಮಾಯಿತು. ಇದನ್ನು ಒದಗಿಸಲು ದಿನಕ್ಕೆ ಸುಮಾರು ೨೦ ಕಿಲೋಗ್ರಾಂ ಹಸಿ ಹುಲ್ಲು, ೪ ಕಿಲೋಗ್ರಾಂ ರಾಗಿ ಹುಲ್ಲು ಬೇಕಾಗುತ್ತದೆ. ವರ್ಷಕ್ಕೆ ಹಸಿ ಹುಲ್ಲು ಏಳು ಟನ್ನಿಗೆ ಮೇಲಾಯಿತು, ರಾಗಿ ಹುಲ್ಲು ಒಂದೂವರೆ ಟನ್ನಿನ ಹತ್ತಿರ ಬಂದಿತು. ನೀರು ಹಾಯುವ ನೆಲದಲ್ಲಿ ನೇಪಿಯರ್ ಜಾತಿಯ ಹುಲ್ಲನ್ನು ಒಳ್ಳೆಯ ಆರೈಕೆಯಿಂದ ಬೆಳೆದರೆ ಒಂದು ಹಸುವಿಗೆ ಐದಾರು ಗುಂಟೆ ಸಾಕಾದೀತು. ಒಣ ಹುಲ್ಲನ್ನಂತೂ ಸುಗ್ಗಿಯಲ್ಲೇ ಕೊಂಡು ಬಣವೆ ಒಟ್ಟಿಕೊಳ್ಳಬೇಕು. ಬೇಸಿಗೆಯಲ್ಲಿ ಕೊಳ್ಳಹೊರಟವನು ಹಾಲಿನ ಹಣವನ್ನೆಲ್ಲ ಹುಲ್ಲಿಗೇ ಸುರಿಯುತ್ತಾನೆ. ಹಾಲು ಕರೆಯುವ ಹಸುವಿಗೆ ಇದರ ಮೇಲೆ ಹಿಂಡಿ, ಬೂಸಾ ಮೊದಲಾದ ತಿಂಡಿ ಬೇರೆ: ಮೈ ಕಾಪಾಡಲು ಒಂದೊಂದೂವರೆ ಕಿಲೋಗ್ರಾಂ, ಕರೆಯುವ ಪ್ರತಿ ಎರಡೂವರೆ ಲೀಟರಿಗೆ ಇನ್ನೊಂದು ಕಿಲೋಗ್ರಾಂ ಎಂಬುದು ಸಾಮಾನ್ಯ ಲೆಕ್ಕ. ಹಸು ಕೊಳ್ಳುವ ಮೊದಲು ಈ ಲೆಕ್ಕವನ್ನು ಕಾಗದದ ಮೇಲೆ ಬರೆಯಿರಿ. ಬರೆದ ಮೇಲೂ ಆಸೆ ಉಳಿದರೆ, ಅದು ನಿಲ್ಲುವ ಆಸೆ.

ಚರಿತ್ರೆಯ ಎರಡನೆಯ ಪಾಠ ತಳಿಯನ್ನು ಕುರಿತದ್ದು. ೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಮೃತ ಮಹಲು ಇಂಗ್ಲಿಷರ ಕೈಗೆ ಬಂದಿತು. ಕೆಲವು ಕಾಲ ಅಲಕ್ಷ್ಯದಿಂದ ಕ್ಷೀಣಿಸಿದ ಈ ಹಿಂಡು ೧೮೧೩ರಲ್ಲಿ ಮದರಾಸಿನ ಸೈನ್ಯದ ಸರಬರಾಯಿ ಇಲಾಖೆಯ ಅಧಿಕಾರಿ ಕ್ಯಾಪ್ಟನ್ ಹಾರ್ವಿಯ ವಶಕ್ಕೆ ಬಂದು ಚೇತರಿಸಿಕೊಂಡಿತು. ಆದರೆ ೧೮೬೦ರಲ್ಲಿ ಖರ್ಚು ಉಳಿಸುವ ಯೋಚನೆ ಬಂದು, ಇಡೀ ಸಂಸ್ಥೆಯನ್ನೇ ಒಡೆದು ದನಗಳನ್ನು ಮಾರಿಬಿಟ್ಟರು. ಆರೇ ವರ್ಷಗಳಲ್ಲಿ ತಪ್ಪಿನ ಅರಿವಾಯಿತು. ೧೮೬೬ರಲ್ಲಿ ಮತ್ತೆ ಹಿಂಡು ಕೂಡಿಸಲು ಹೊರಟಾಗ, ಚದುರಿಹೋದ ತಳಿಯನ್ನು ಊರೂರಿನಲ್ಲಿ ಹುಡುಕಬೇಕಾಯಿತು. ೧೮೮೨ರಲ್ಲಿ ಈ ಸಂಸ್ಥೆ ಮೈಸೂರು ಸರ್ಕಾರದ ಕೈಗೆ ಬಂದಿತು. ೧೯೨೯ರಲ್ಲಿ ಅಜ್ಜಂಪುರದಲ್ಲಿ ಆರಂಭವಾದ ತಳಿ ಸಂವರ್ಧನ ಕೇಂದ್ರ ಇಂದಿಗೂ ಈ ದನಗಳನ್ನು ಉಳಿಸಿಕೊಂಡು ಬಂದಿದೆ. ಒಂದು ದಿನದ ಹರಾಜಿನಲ್ಲಿ ಕಳೆದುಹೋಗುವುದನ್ನು ಮತ್ತೆ ಕೂಡಿಸುವುದಕ್ಕೆ ಒಂದು ತಲೆಮಾರು ಬೇಕು.

ಆ ಕಾವಲುಗಳ ಕಥೆಯಾದರೋ ಅಷ್ಟು ಸಂತೋಷದ್ದಲ್ಲ. ಬೇಸಾಯಕ್ಕೆಂದು, ನೆಡುತೋಪಿಗೆಂದು, ಮತ್ತೊಂದಕ್ಕೆಂದು ಅವು ತುಂಡುತುಂಡಾಗಿ ಹೋದುವು. ೨೦೦೯ರಿಂದ ಈಚೆಗೆ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಬಳಿ ಸಾವಿರಾರು ಎಕರೆ ಕಾವಲು ವಿಜ್ಞಾನ ಹಾಗೂ ರಕ್ಷಣಾ ಸಂಸ್ಥೆಗಳಿಗೆ ಸೇರಿತು; ಕುರಿ ದನಗಳನ್ನು ನಂಬಿದ್ದ ಸುತ್ತಲಿನ ಹಳ್ಳಿಯವರು ತಮ್ಮ ಅಳಲನ್ನು ನ್ಯಾಯಪೀಠದವರೆಗೂ ಒಯ್ದರು. ವಿಜ್ಞಾನವೂ ಬೇಕು, ಹುಲ್ಲೂ ಬೇಕು. ಆದರೆ ಹುಲ್ಲಿನ ನೆಲ ‘ಖಾಲಿ ಬಿದ್ದಿರುವ’ ನೆಲವೆಂಬ ಭಾವನೆ ನಮ್ಮಲ್ಲಿ ಬೇರೂರಿರುವವರೆಗೂ ನಾಡತಳಿಯ ಮಾತು ಬರಿಯ ಮಾತಾಗಿಯೇ ಉಳಿಯುತ್ತದೆ.

ತಳಿಯನ್ನು ಆರಿಸುವಾಗ ಹೊಸಬರು ಕೇಳಿಕೊಳ್ಳಬೇಕಾದ ಪ್ರಶ್ನೆ, ‘ಯಾವುದು ಶ್ರೇಷ್ಠ?’ ಎಂದಲ್ಲ; ‘ನಮಗೆ ಏತಕ್ಕೆ ಬೇಕು?’ ಎಂದು. ಹಳ್ಳಿಕಾರ್, ಅಮೃತ ಮಹಲ್‌ಗಳನ್ನು ನಮ್ಮ ಹಿರಿಯರು ನೊಗಕ್ಕಾಗಿ ಬೆಳೆಸಿದರು; ಅವುಗಳಿಂದ ಕೊಡಗಟ್ಟಲೆ ಹಾಲನ್ನು ನಿರೀಕ್ಷಿಸುವುದು ಅವುಗಳಿಗೆ ಮಾಡುವ ಅನ್ಯಾಯ. ಬೀದರಿನ ಕಡೆಯ ದೇವಣಿ ಹಾಲು ದುಡಿಮೆ ಎರಡಕ್ಕೂ ಹೆಸರಾದುದು. ಮಲೆನಾಡು ಗಿಡ್ಡ ಹೆಸರಿಗೆ ತಕ್ಕಂತೆ ಗಿಡ್ಡ. ಬೆಳೆದ ಹಸು ನೂರಿಪ್ಪತ್ತು ಕಿಲೋಗ್ರಾಮಿನ ಆಸುಪಾಸು. ಮೇಲಿನ ಲೆಕ್ಕದಂತೆ ಅದಕ್ಕೆ ದಿನಕ್ಕೆ ಮೂರು ಕಿಲೋಗ್ರಾಂ ಒಣ ಅಂಶ ಸಾಕು. ಹಾಲು ಒಂದೆರಡು ಲೀಟರಷ್ಟೆ. ಆದರೆ ಸಣ್ಣ ಸಂಸಾರಕ್ಕೆ ಅದೇ ಬೇಕಾದಷ್ಟು. ಗುಡ್ಡದಲ್ಲಿ ಮೇಯ್ದುಕೊಂಡು, ಮಳೆ ಚಳಿ ತಡೆದುಕೊಂಡು ಬದುಕುವ ಜೀವ. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯಂತೆ ಇದನ್ನು ಬಹುಕಾಲ ಯಾರೂ ಲೆಕ್ಕಕ್ಕಿಟ್ಟಿರಲಿಲ್ಲ. ಒಂದು ತಳಿಯೆಂದು ಸರ್ಕಾರದ ಪಟ್ಟಿಯಲ್ಲಿ ಸೇರಿದ್ದು ಈ ಶತಮಾನದಲ್ಲಿಯೇ. ಹಾಲು ಮಾರಿ ನಾಲ್ಕು ಕಾಸು ಕಾಣಬೇಕೆಂಬವರಿಗೆ ಜರ್ಸಿ ಅಥವಾ ಹೋಲ್‌ಸ್ಟೀನ್ ಮಿಶ್ರತಳಿಯ ಹಸುವೇ ಸರಿ; ಅದು ಹೆಚ್ಚು ಕೊಡುತ್ತದೆ, ಹೆಚ್ಚು ಕೇಳುತ್ತದೆ, ಬಿಸಿಲಿಗೂ ರೋಗಕ್ಕೂ ಬೇಗ ಸೋಲುತ್ತದೆ.

ಮಿಶ್ರತಳಿಯ ಮಾತು ಬಂದುದರಿಂದ ಮೈಸೂರಿನವರಿಗೆ ಹೆಮ್ಮೆ ತರುವ ಒಂದು ಸಂಗತಿಯನ್ನು ಹೇಳಬೇಕು. ಭಾರತದಲ್ಲಿ ಕೃತಕ ಗರ್ಭಧಾರಣೆಯನ್ನು ಮೊದಲು ಮಾಡಿದ್ದು ೧೯೩೯ರಲ್ಲಿ, ಮೈಸೂರಿನ ಅರಮನೆ ಡೈರಿಯಲ್ಲಿ. ಸಂಪತ್ಕುಮಾರನ್ ಎಂಬ ವೈದ್ಯರು ಹೋಲ್‌ಸ್ಟೀನ್ ಹೋರಿಯ ವೀರ್ಯದಿಂದ ಹಳ್ಳಿಕಾರ್ ಹಸುಗಳಲ್ಲಿ ಗರ್ಭ ನಿಲ್ಲಿಸಿದರು. ಇಂದು ನಿಮ್ಮ ಹಸು ಬೆದೆಗೆ ಬಂದಾಗ ಪಶುವೈದ್ಯ ಶಾಲೆಯಿಂದ ಬರುವವರ ಕೈಯಲ್ಲಿರುವ ಸಣ್ಣ ಕೊಳವೆ ಆ ದಿನದ ಸಂತಾನವೇ. ಬೆಳಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಗ್ಗೆ ಎಂಬ ನಿಯಮವನ್ನು ಮರೆಯಬೇಡಿ; ಒಂದು ಸಲ ತಪ್ಪಿದರೆ ಇಪ್ಪತ್ತೊಂದು ದಿನ ಕಾಯಬೇಕು, ಆ ಇಪ್ಪತ್ತೊಂದು ದಿನದ ಮೇವು ನಿಮ್ಮ ಖಾತೆಗೆ.

ಮೂರನೆಯ ಪಾಠ ರೋಗದ್ದು. ಹಿಂದೆ ‘ದೊಡ್ಡ ರೋಗ’ ಎಂಬ ಹೆಸರನ್ನು ಕೇಳಿದರೆ ರೈತರ ಎದೆ ಒಡೆಯುತ್ತಿತ್ತು. ಊರಿಗೆ ಅದು ಕಾಲಿಟ್ಟರೆ ವಾರವೊಂದರಲ್ಲಿ ಕೊಟ್ಟಿಗೆಗಳೆಲ್ಲ ಬರಿದು. ಇದನ್ನು ಎದುರಿಸಲೆಂದು ಮೈಸೂರು ಸಂಸ್ಥಾನ ೧೯೨೫ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಸೀರಂ ಸಂಸ್ಥೆಯನ್ನು ತೆರೆಯಿತು. ಲಸಿಕೆ ಹಾಕುವವರು ಹಳ್ಳಿಹಳ್ಳಿ ತಿರುಗಿದರು. ಭಾರತ ೨೦೦೬ರಲ್ಲಿ ದೊಡ್ಡ ರೋಗದಿಂದ ಮುಕ್ತವೆನಿಸಿತು; ೨೦೧೧ರಲ್ಲಿ ಜಗತ್ತೇ ಮುಕ್ತವಾಯಿತು. ಮನುಷ್ಯನು ಭೂಮಿಯಿಂದ ಅಳಿಸಿಹಾಕಿದ ರೋಗಗಳು ಎರಡೇ: ಒಂದು ಸಿಡುಬು, ಇನ್ನೊಂದು ಇದು. ಹಾಗೆಂದು ನೆಮ್ಮದಿಯಿಂದ ಕೂಡುವಂತಿಲ್ಲ. ಕಾಲುಬಾಯಿ ಜ್ವರ, ಚಪ್ಪೆ ರೋಗ, ಗಳಲೆ ರೋಗ ಇನ್ನೂ ಇವೆ. ೨೦೧೯ರಲ್ಲಿ ದೇಶಕ್ಕೆ ಬಂದ ಚರ್ಮಗಂಟು ರೋಗ ೨೦೨೨ರಲ್ಲಿ ನಮ್ಮ ರಾಜ್ಯದಲ್ಲಿಯೂ ಬಹಳ ದನಗಳನ್ನು ಬಲಿ ತೆಗೆದುಕೊಂಡಿತು. ಕಾಲುಬಾಯಿ ಜ್ವರಕ್ಕೆ ಸರ್ಕಾರವೇ ಲಸಿಕೆ ಹಾಕುತ್ತದೆ. ನೀವು ಮಾಡಬೇಕಾದುದು ಬಾಗಿಲು ತೆರೆದು ಹಸುವನ್ನು ಹಿಡಿದು ನಿಲ್ಲುವುದಷ್ಟೆ. ಒಂದೇ ಹಸು, ಊರಾಚೆ ಇದೆ, ಇದಕ್ಕೇಕೆ ಸೂಜಿ ಎನ್ನುವವರ ಮನೆಗೇ ರೋಗ ಮೊದಲು ಬರುತ್ತದೆ.

ಕಲಿಯುವುದಕ್ಕೆ ವಯಸ್ಸಿನ ಹಂಗಿಲ್ಲವೆಂಬುದಕ್ಕೂ ಬೆಂಗಳೂರಿನಲ್ಲೇ ಒಂದು ನಿದರ್ಶನವಿದೆ. ೧೯೨೭ರಲ್ಲಿ ಮಹಾತ್ಮಾ ಗಾಂಧಿಯವರು ಅನಾರೋಗ್ಯದಿಂದ ಚೇತರಿಸಿಕೊಳ್ಳಲು ನಂದಿಬೆಟ್ಟಕ್ಕೂ ಆಮೇಲೆ ಬೆಂಗಳೂರಿಗೂ ಬಂದಿದ್ದರು. ಆಗ ಅವರಿಗೆ ೫೭ ವರ್ಷ. ಆಡುಗೋಡಿಯ ಸಮೀಪದ ಇಂಪೀರಿಯಲ್ ಪಶುಪಾಲನೆ ಮತ್ತು ಡೈರಿ ಸಂಸ್ಥೆಗೆ ಹೋಗಿ, ಅಲ್ಲಿನ ಡೈರಿ ತಜ್ಞ ವಿಲಿಯಂ ಸ್ಮಿತ್‌ರ ಬಳಿ ಹಸುಗಳ ಆರೈಕೆಯನ್ನು ವಿದ್ಯಾರ್ಥಿಯಂತೆ ಕಲಿತರು. ಅಲ್ಲಿನ ಪುಸ್ತಕದಲ್ಲಿ ರುಜು ಹಾಕುವಾಗ ತಮ್ಮನ್ನು ಸಾಬರಮತಿಯ ರೈತನೆಂದು ಬರೆದುಕೊಂಡರು. ಗೋವಿನ ವಿಷಯದಲ್ಲಿ ಭಕ್ತಿಯೊಂದೇ ಸಾಲದು, ವಿದ್ಯೆಯೂ ಬೇಕೆಂಬುದು ಅವರ ನಿಲುವಾಗಿತ್ತು. ಅದೇ ಸಂಸ್ಥೆಯಲ್ಲಿ ಮುಂದೆ ಕ್ಷೀರಕ್ರಾಂತಿಯ ವರ್ಗೀಸ್ ಕುರಿಯನ್ನರೂ ತರಬೇತಿ ಪಡೆದರೆಂಬುದನ್ನು ನೆನೆದರೆ, ಆ ಅಂಗಳ ಎಂಥವರನ್ನು ಕಂಡಿತ್ತೆಂದು ತಿಳಿಯುತ್ತದೆ.

ಇನ್ನು ಹಾಲು ಮಾರುವ ಮಾತು. ಹಿಂದೆ ಪಟ್ಟಣಗಳಲ್ಲಿ ಗೌಳಿಗರು ಹಸುವನ್ನೇ ಮನೆಯ ಬಾಗಿಲಿಗೆ ಹೊಡೆದುತಂದು, ಯಜಮಾನಿಯ ಕಣ್ಣೆದುರಿಗೇ ಕರೆದುಕೊಡುತ್ತಿದ್ದರು. ಹಾಗಿದ್ದರೂ ಚೊಂಬಿನ ತಳದಲ್ಲಿ ಮೊದಲೇ ನೀರಿತ್ತೇ ಎಂದು ಬಗ್ಗಿ ನೋಡುವುದು ತಪ್ಪುತ್ತಿರಲಿಲ್ಲ. ಕರು ಸತ್ತ ಹಸುವಿನ ಮುಂದೆ ಹುಲ್ಲು ತುಂಬಿದ ಕರುವಿನ ಚರ್ಮವನ್ನು ನಿಲ್ಲಿಸಿ ಸೊರ ಬಿಡಿಸುತ್ತಿದ್ದ ದೃಶ್ಯವನ್ನು ಹಿರಿಯರು ಮರೆತಿರಲಾರರು. ೧೯೬೫ರ ಜನವರಿಯಲ್ಲಿ ಪ್ರಧಾನಿ ಲಾಲ್ ಬಹಾದೂರ್ ಶಾಸ್ತ್ರಿಯವರಿಂದ ಬೆಂಗಳೂರು ಡೈರಿ ಉದ್ಘಾಟನೆಯಾಯಿತು. ೧೯೭೦ರ ದಶಕದ ನಡುವೆ ವಿಶ್ವಬ್ಯಾಂಕಿನ ನೆರವಿನಿಂದ ಹಳ್ಳಿಗಳಲ್ಲಿ ಹಾಲು ಉತ್ಪಾದಕರ ಸಹಕಾರ ಸಂಘಗಳು ಎದ್ದುವು. ೧೯೮೪ರಲ್ಲಿ ಕರ್ನಾಟಕ ಹಾಲು ಮಹಾಮಂಡಳ ರೂಪುಗೊಂಡಿತು. ಇದರಿಂದ ಎರಡು ಲೀಟರು ಹಾಲುಳ್ಳವಳಿಗೂ ಇಪ್ಪತ್ತು ಲೀಟರು ಉಳ್ಳವನಿಗೂ ಒಂದೇ ತಕ್ಕಡಿ, ಒಂದೇ ಪರೀಕ್ಷೆ ಎಂಬಂತಾಯಿತು. ಬೆಲೆ ಕಟ್ಟುವುದು ಹಾಲಿನ ಕೊಬ್ಬು ಮತ್ತು ಇತರ ಘನಾಂಶಗಳನ್ನು ನೋಡಿ. ನೀವು ಹಸು ಕಟ್ಟುವುದಾದರೆ, ಸಮೀಪದ ಸಂಘ ಎಷ್ಟು ದೂರ, ಎಷ್ಟು ಗಂಟೆಗೆ ಬಾಗಿಲು ತೆರೆಯುತ್ತದೆ ಎಂಬುದನ್ನು ಮೊದಲೇ ವಿಚಾರಿಸಿ. ಪುರಸಭೆ ಅಥವಾ ನಗರಸಭೆಯ ಎಲ್ಲೆಯೊಳಗೆ ಮನೆಯಿದ್ದರೆ ಅಲ್ಲಿನ ನಿಯಮಗಳನ್ನೂ, ಅದಕ್ಕಿಂತ ಮುಖ್ಯವಾಗಿ ನೆರೆಮನೆಯವರ ಮುಖವನ್ನೂ ನೋಡಿಕೊಳ್ಳಬೇಕು.

ಹೀಗೆ ಚರಿತ್ರೆ ಹೇಳಿಕೊಟ್ಟ ಪಾಠಗಳನ್ನು ಜೋಡಿಸಿದರೆ ಆರಂಭದ ಕ್ರಮ ತಾನಾಗಿಯೇ ಗೋಚರಿಸುತ್ತದೆ. ಮೊದಲು ಹುಲ್ಲು. ಎರಡನೆಯದು ನೀರು, ಹಾಲು ಕರೆಯುವ ಹಸುವಿಗೆ ದಿನಕ್ಕೆ ನಾಲ್ಕೈದು ಕೊಡಗಳಿಗೆ ಕಡಿಮೆಯಾಗಬಾರದು. ಮೂರನೆಯದು ಕೊಟ್ಟಿಗೆ: ಆಡಂಬರ ಬೇಡ; ಒರಟಾದ ನೆಲ, ಗಂಜಲ ಹರಿದುಹೋಗುವಷ್ಟು ಇಳಿಜಾರು, ಗಾಳಿ ಆಡುವ ಎತ್ತರದ ಮಾಡು, ಒಂದು ಗೋದಲಿ. ನಾಲ್ಕನೆಯದು ಮನೆಯೊಳಗಿನ ಒಪ್ಪಂದ. ಬೆಳಗ್ಗೆ ಐದೂವರೆಗೆ ಯಾರು ಏಳುವವರು? ಮದುವೆಗೆಂದು ಎಲ್ಲರೂ ಹೊರಟಾಗ ಯಾರು ಉಳಿಯುವವರು? ಆಸೆ ಯಜಮಾನನದು, ಸಗಣಿ ಮನೆಯಾಕೆಯದು ಎಂದಾದರೆ ಆ ಕೊಟ್ಟಿಗೆ ಬಹಳ ದಿನ ನಡೆಯದು. ಇಷ್ಟೆಲ್ಲ ಆದ ಮೇಲೆ ಐದನೆಯದು, ಹಸು.

ಕೊಳ್ಳುವಾಗ ಒಂದೇ ಹಸುವನ್ನು ಕೊಳ್ಳಿ. ಎರಡನೆಯ ಸೂಲಿನದಾದರೆ ಉತ್ತಮ. ಜಾತ್ರೆಯಲ್ಲಿ ದಲ್ಲಾಳಿಗಳು ಟವಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುವುದು ನೋಡಲು ಸೊಗಸು. ಹೊಸಬರಿಗೆ ಅದು ತಕ್ಕ ಸ್ಥಳವಲ್ಲ. ಗುರುತಿನ ರೈತನ ಮನೆಗೇ ಹೋಗಿ, ಸಂಜೆ, ಬೆಳಗ್ಗೆ, ಮತ್ತೆ ಸಂಜೆ, ಹೀಗೆ ಮೂರು ಹೊತ್ತು ಕರೆಯುವುದನ್ನು ಕಣ್ಣಾರೆ ನೋಡಿ. ಸುಳಿ ನೋಡುವವರು ನೋಡಲಿ. ನೀವು ನಾಲ್ಕು ಮೊಲೆಗಳನ್ನೂ ಮುಟ್ಟಿ ನೋಡಿ. ಎರಡನೆಯ ಹಸುವನ್ನು ಆರು ತಿಂಗಳ ಮೇಲೆ ತಂದರೆ, ಒಂದು ಬತ್ತಿದಾಗ ಇನ್ನೊಂದು ಕರೆಯುತ್ತಿರುತ್ತದೆ. ಈಯುವುದಕ್ಕೆ ಎರಡು ತಿಂಗಳು ಮೊದಲೇ ಹಾಲು ಬಿಡಿಸಿ ಹಸುವಿಗೆ ವಿಶ್ರಾಂತಿ ಕೊಡಬೇಕು. ಕರು ಹುಟ್ಟಿದ ಒಂದೆರಡು ಗಂಟೆಗಳೊಳಗೆ ಗಿಣ್ಣುಹಾಲು ಅದರ ಹೊಟ್ಟೆ ಸೇರಲೇಬೇಕು. ಗಿಣ್ಣಿನ ಆಸೆ ನಮಗೂ ಉಂಟು, ಆದರೆ ಮೊದಲ ಹಕ್ಕು ಕರುವಿನದು.

ಕೊನೆಗೆ, ಯಾರೂ ಮೊದಲೇ ಯೋಚಿಸದ ಒಂದು ಪ್ರಶ್ನೆ. ಹುಟ್ಟುವ ಕರುಗಳಲ್ಲಿ ಅರ್ಧ ಗಂಡು. ಬೆಣ್ಣೆ ಚಾವಡಿಯ ಕಾಲದಲ್ಲಿ ಗಂಡುಕರುವೇ ಮನೆಯ ಭಾಗ್ಯ; ಹಾಲು ಅದರ ಹಿಂದೆ ಬಂದ ಲಾಭ. ಟ್ರಾಕ್ಟರು ಬಂದ ಮೇಲೆ ಈ ಲೆಕ್ಕ ತಲೆಕೆಳಗಾಗಿದೆ. ಹೆಣ್ಣುಕರುವೇ ಹುಟ್ಟುವ ಸಂಭವವನ್ನು ಹೆಚ್ಚಿಸುವ ವಿಂಗಡಿಸಿದ ವೀರ್ಯ ಈಗ ದೊರೆಯುತ್ತದೆ. ಆದರೂ ಗಂಡುಕರುವನ್ನೂ ಮುದಿ ಹಸುವನ್ನೂ ಏನು ಮಾಡುವಿರಿ ಎಂಬುದಕ್ಕೆ, ಹಸು ತರುವ ದಿನವೇ ನಿಮ್ಮಲ್ಲಿ ಉತ್ತರವಿರಬೇಕು. ಹಾಲು ಕೊಡುವ ಐದಾರು ವರ್ಷ ನಮ್ಮದು, ಮಿಕ್ಕ ವರ್ಷಗಳು ಬೀದಿಯವು ಎಂದರೆ ಅದು ಸಾಕುವುದಾಗಲಿಲ್ಲ.

ಜ್ಯೇಷ್ಠ ಆಷಾಢದ ಮಳೆಗೆ ನೆಟ್ಟ ನೇಪಿಯರ್ ಕಡ್ಡಿ ಎರಡೂವರೆ ಮೂರು ತಿಂಗಳಲ್ಲಿ ಮೊದಲ ಕೊಯ್ಲಿಗೆ ಬರುತ್ತದೆ. ಈ ಮುಂಗಾರಿಗೆ ಹುಲ್ಲು ನೆಡಿ. ಅದು ಚೆನ್ನಾಗಿ ಬೇರೂರಿ ಒಂದು ಕೊಯ್ಲನ್ನು ಕೊಟ್ಟ ಮೇಲೆ ದೀಪಾವಳಿ ಬರುತ್ತದೆ. ಬಲಿಪಾಡ್ಯಮಿಯ ದಿನ ಪೂಜೆಗೆ ನಿಮ್ಮ ಮನೆಯಲ್ಲೇ ಒಂದು ಹಸುವಿರಲಿ. ಮುಂದಿನ ಬೇಸಿಗೆಯಲ್ಲಿಯೂ ಅದರ ಗೋದಲಿ ತುಂಬಿರಲಿ.